ಕಡಲು ನೋಡಿ ಹಿಮ ಹೇಳಿದವರು

ಸಮುದ್ರದ ಬಿಸುಪಿಗೂ ದೂರದ ಬೆಟ್ಟಗಳ ಚಳಿಗಾಲಕ್ಕೂ ಇರುವ ನಂಟನ್ನು ಅರಿಯಲು ಶ್ರಮಿಸಿದ ಕನ್ನಡಿಗರಲ್ಲಿ ಡಾ. ಕಸ್ತೂರಿ ಅವರದು ಗೌರವದ ಸ್ಥಾನ. ಆಸ್ಟ್ರೇಲಿಯಾದ ವಾಯವ್ಯದ ಕಡಲು ಬೆಚ್ಚಗಿದ್ದ ವರ್ಷ ಮೋಡಗಳು ಆಗ್ನೇಯದ ಬೆಟ್ಟಗಳವರೆಗೆ ತೇವ ಹೊತ್ತು ತರುತ್ತವೆ. ಕಡಲು ತಣ್ಣಗಿದ್ದರೆ ಆಕಾಶ ತಿಳಿಯಾಗಿ ರಾತ್ರಿಗಳು ಕೊರೆಯುತ್ತವೆ, ಆದರೆ ಹಿಮಕ್ಕೆ ಬೇಕಾದ ತೇವವೇ ಇರುವುದಿಲ್ಲ. ಚಳಿ ಬೇರೆ, ಹಿಮ ಬೇರೆ ಎಂಬ ಈ ಮಾತನ್ನು ಅವರು ಎಷ್ಟು ಸಭೆಗಳಲ್ಲಿ ಹೇಳಿದರೋ ಲೆಕ್ಕವಿಲ್ಲ.

ಮಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ೨೦೧೦ರಲ್ಲಿ ಪರ್ತ್‌ಗೆ ಬಂದದ್ದು ಪತಿ ನಟರಾಜ್ ಅವರೊಡನೆ; ಕಡಲು-ಹವಾಮಾನದ ಸಂಶೋಧನೆಗೆ ಇಳಿದದ್ದೂ ಅಲ್ಲಿಯೇ. ಬಳ್ಳಾರಿಯವರಾದ ನಟರಾಜ್ ಗಣಿಯೊಂದರಲ್ಲಿ ಭೂವಿಜ್ಞಾನಿ. ಹುಟ್ಟಿದ್ದು ಬಿಸಿಲಲ್ಲಿ, ದುಡಿದದ್ದೂ ಬಿಸಿಲಲ್ಲಿ; ಒಮ್ಮೆ ಹಿಮ ಬೀಳುವುದನ್ನು ನಿಂತು ನೋಡಬೇಕೆಂಬುದು ಅವರ ಒಂದೇ ಆಸೆ. ಪರ್ತ್‌ನ ಆ ವರ್ಷಗಳಲ್ಲಿ, ಹೊಸದಾಗಿ ಬಂದಿಳಿದ ವಿದ್ಯಾರ್ಥಿಗಳಿಗೆ ಮನೆ ಸಿಗುವವರೆಗೆ ಈ ದಂಪತಿಗಳ ಮನೆಯೇ ಮನೆಯಾಗಿತ್ತು, ಕಸ್ತೂರಿಯವರ ಹುಳಿಯನ್ನವೇ ಊಟವಾಗಿತ್ತು. ೨೦೧೪ರಲ್ಲಿ ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯಕ್ಕೆ ಕಸ್ತೂರಿಯವರ ಕೆಲಸ ಬದಲಾಯಿತು, ಅದೇ ಊರಿನ ರನ್‌ಕಾರ್ನ್‌ನಲ್ಲಿ ಮನೆಯಾಯಿತು. ಆ ಹೊತ್ತಿಗೆ ನಟರಾಜ್ ಅವರ ಹೃದಯ ತೊಂದರೆ ಕೊಡಲಾರಂಭಿಸಿತ್ತು.

೨೦೧೫ರ ಕಡಲು ಚೆನ್ನಾಗಿರಲಿಲ್ಲ. ಈ ಸಲ ಬೆಟ್ಟಗಳಲ್ಲಿ ಹಿಮ ಕಡಿಮೆ ಎಂದು ಕಸ್ತೂರಿ ಬರೆದರು, ಗಂಡನಿಗೂ ಅದನ್ನೇ ಹೇಳಿ ಹಿಮ ನೋಡುವ ಪ್ರವಾಸವನ್ನು ಮುಂದಕ್ಕೆ ಹಾಕಿದರು. ಜುಲೈನಲ್ಲಿ ಅವರು ಅಡಿಲೇಡ್‌ನ ಸಭೆಯಲ್ಲಿ ಅದೇ ವಿಷಯ ಮಂಡಿಸಲು ನಿಂತಿದ್ದಾಗ ಮನೆಯಿಂದ ಫೋನ್ ಬಂತು.

"ಕಸ್ತೂರಿ, ಸ್ಟ್ಯಾಂಥೋರ್ಪ್‌ನಲ್ಲಿ ಸ್ನೋ ಬೀಳ್ತಿದೆ ಕಣೇ! ಇಲ್ಲಿಂದ ಮೂರೇ ಗಂಟೆ ಡ್ರೈವ್. ಇವತ್ತು ಮಧ್ಯಾಹ್ನದ ಫ್ಲೈಟ್ ಹಿಡಿದು ಬಂದ್ಬಿಡು."

"ನಾನು ಬರೋದ್ರೊಳಗೆ ಕರಗಿಹೋಗಿರತ್ತೆ ರೀ. ಒಬ್ರೇ ಮಾತ್ರ ಹೊರಡ್ಬೇಡಿ. ಮುಂದಿನ ವರ್ಷ ಕಡಲು ತಿರುಗತ್ತೆ, ಬೆಟ್ಟಕ್ಕೇ ಹೋಗೋಣ."

"ನಿನ್ನ ಕಡಲು ಹೇಳಿದ್ಮೇಲೆ ಮುಗೀತು ಬಿಡು," ಎಂದು ನಟರಾಜ್ ನಕ್ಕು ಫೋನ್ ಇಟ್ಟರು.

ಇಡೀ ಋತುವಿನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಋತು ಕೆಟ್ಟದ್ದಾದರೂ ಅದರೊಳಗೊಂದು ಒಳ್ಳೆಯ ದಿನ ಇರಬಹುದೆಂಬುದನ್ನು, ಸರಾಸರಿಗಳಲ್ಲೇ ಬದುಕುವ ನಮ್ಮಂಥವರು ಮರೆಯುವ ಹಾಗೆಯೇ ಅವರೂ ಅಂದು ಮರೆತರು. ೨೦೧೬ರ ಮಾರ್ಚ್‌ನಲ್ಲಿ ನಟರಾಜ್ ತೀರಿಕೊಂಡರು. ಆ ವರ್ಷ ಕಡಲು ಕಸ್ತೂರಿ ಹೇಳಿದಂತೆಯೇ ತಿರುಗಿತು, ಮೋಡಗಳು ಬಂದವು, ಬೆಟ್ಟಗಳಲ್ಲಿ ಹಿಮವೂ ಬಿತ್ತು. ಮುನ್ಸೂಚನೆ ನಿಜವಾಯಿತೆಂದು ಮೆಚ್ಚುಗೆಯ ಪತ್ರಗಳು ಬಂದವು. ಅವರು ಒಂದನ್ನೂ ತೆರೆಯಲಿಲ್ಲ.

ಆಮೇಲೆ ಅವರ ಪ್ರತಿಯೊಂದು ವರದಿಯೂ ಒಂದೇ ಸಾಲಿನಿಂದ ಮುಗಿಯತೊಡಗಿತು: "ಇದು ಋತುವಿನ ಮಾತು, ದಿನದ ಮಾತಲ್ಲ." ಸಂಪಾದಕರು ಅದನ್ನು ಹೊಡೆದುಹಾಕಿದಾಗಲೆಲ್ಲ ಅವರು ಮತ್ತೆ ಸೇರಿಸಿದರು, ಮೃದು ಸ್ವಭಾವದ ಅವರು ಹಟ ಹಿಡಿದದ್ದು ಇದೊಂದಕ್ಕೇ. ೨೦೧೭ರಲ್ಲಿ ಶಿಷ್ಯೆ ನಿವೇದಿತಾ, ಮೈಸೂರಿನಲ್ಲಿ ತಂದೆಗೆ ಹುಷಾರಿಲ್ಲ, ಪ್ರಬಂಧ ಒಪ್ಪಿಸಿ ಮುಂದಿನ ತಿಂಗಳು ಹೋಗುತ್ತೇನೆ ಎಂದಾಗ, "ಪ್ರಬಂಧ ನಾನು ನೋಡ್ಕೋತೀನಿ. ನೀನು ಇವತ್ತೇ ಹೊರಡಮ್ಮ," ಎಂದು ತಾವೇ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು. ನಿವೇದಿತಾಗೆ ತಂದೆಯೊಡನೆ ಒಂಬತ್ತು ದಿನಗಳು ಸಿಕ್ಕವು.

ಈಗ ೨೦೧೯. ನಿವೃತ್ತಿಯ ಈ ಸಂದರ್ಭದಲ್ಲಿ ಅವರ ಆರೋಗ್ಯ ನಿಲ್ಲಲಿ, ಬರವಣಿಗೆ ಬೆಳೆಯಲಿ, ಎಳೆಯ ಸಂಶೋಧಕರಿಗೆ ಅವರ ಆಸರೆ ಬಹುಕಾಲ ಸಿಗಲಿ ಎಂದು ಮನಸಾರೆ ಬೇಡುತ್ತೇವೆ. ಇನ್ನೊಂದು ಬೇಡಿಕೆಯೂ ಇದೆ, ಹೇಳಲು ನಾಲಿಗೆ ತೊಡರುತ್ತದೆ. ಸುಮಾರು ಹತ್ತು ವರ್ಷ ಹಿಮದ ಬಗ್ಗೆ ಬರೆದ ಡಾ. ಕಸ್ತೂರಿ ಅದು ಬೀಳುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಈ ಚಳಿಗಾಲವಾದರೂ ಹೋಗಿ ಬನ್ನಿ ಮೇಡಂ ಎಂದರೆ, "ಅವರನ್ನ ಬಿಟ್ಟು ನಾನೊಬ್ಳೇ ಹೇಗ್ರೀ ನೋಡ್ಲಿ?" ಎನ್ನುತ್ತಾರೆ.