ರಾವ್ಯಾ ಮತ್ತು ಓಡದ ಲೇತ್

ರಾವ್ಯಾ ಈಗ ತಾಂತಾ ರಸ್ತೆಯ ಬಟ್ಟೆ ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ಎಡಗಡೆಯ ಹಿಂಜೇಬು ಮಾತ್ರ. ಬಲಗಡೆಯದಕ್ಕೆ ಬೇರೆ ಹುಡುಗಿ ಇದ್ದಾಳೆ. ಬೆಳಿಗ್ಗೆ ಮೈಕ್ರೋಬಸ್ಸಿನಲ್ಲಿ ನಾನು ಸಿಕ್ಕರೆ ರಾವ್ಯಾ, "ಬನ್ನಿ ಅಬ್ಲಾ, ಇಲ್ಲಿ ಕೂತ್ಕೊಳ್ಳಿ" ಎಂದು ಸರಿದು ಜಾಗ ಕೊಡುತ್ತಾಳೆ. ಅಬ್ಲಾ ಅಂದರೆ ಟೀಚರಮ್ಮ. ಆ ಮರ್ಯಾದೆ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳ ಮೇಲಲ್ಲ ಸಿಟ್ಟು. ಆ ಹುಡುಗಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಉಕ್ಕು ಕಡೆಯಬೇಕಾಗಿತ್ತು. ಅದಕ್ಕೆಂದೇ ನಮ್ಮ ಶಾಲೆಗೆ ಬಂದಿದ್ದಳು, ನಾವೇ ಅವಳನ್ನು ಕೆಡಿಸಿದೆವು.

ನಾನು ಮಹಲ್ಲಾದ ಕೈಗಾರಿಕಾ ಹೈಸ್ಕೂಲಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತೇನೆ. ಒಳ್ಳೆಯ ಅಂಕ ಬಂದ ಮಕ್ಕಳೆಲ್ಲ ಸಾಮಾನ್ಯ ಹೈಸ್ಕೂಲಿಗೆ ಹೋಗಿ, ಅಲ್ಲಿಂದ ಡಾಕ್ಟರೋ ಇಂಜಿನಿಯರೋ ಆಗುವ ಕನಸು ಕಾಣುತ್ತಾರೆ. ಮಿಕ್ಕವರು ನಮ್ಮ ಪಾಲು. ರಾವ್ಯಾಗೆ ಅಂಕ ಬಂದಿತ್ತು. ಆದರೂ ನಮ್ಮಲ್ಲಿಗೇ ಬರುತ್ತೇನೆಂದು ಹಟ ಹಿಡಿದಳು. ಅವರ ಮನೆಗೆ ಅಕ್ಕಪಕ್ಕದವರು ಸಾವಿನ ಮನೆಗೆ ಬಂದಂತೆ ಬಂದು, ಕಾಫಿ ಕುಡಿದು, ಸಮಾಧಾನ ಹೇಳಿ ಹೋದರಂತೆ. ದಾಖಲಾತಿಯ ದಿನ ಅವಳ ತಾಯಿ ಸುಆದ್ ನನ್ನ ಕೈ ಹಿಡಿದುಕೊಂಡು ಅತ್ತಳು.

"ನೀವಾದ್ರೂ ಬುದ್ಧಿ ಹೇಳಿ ಅಬ್ಲಾ. ಗಂಡು ಹುಡುಗರ ಮಧ್ಯೆ ಕಬ್ಬಿಣ ಕೆರೀತಾ ಕೂತ್ರೆ ಇವಳನ್ನ ಯಾರು ಕಟ್ಕೋತಾರೆ?"

"ಅಮ್ಮ, ನಾನು ಕೂತ್ಕೊಳಲ್ಲ. ಲೇತ್ ಮುಂದೆ ನಿಂತ್ಕೋಬೇಕು" ಎಂದಳು ರಾವ್ಯಾ.

ಅವಳ ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಚಿಕ್ಕವಳಿದ್ದಾಗ ಅವನಿಗೆ ಬುತ್ತಿ ಒಯ್ದಾಗ, ರಿಪೇರಿ ಕೋಣೆಯ ಬಾಗಿಲ ಸಂದಿಯಿಂದ ಇವಳು ಒಮ್ಮೆ ಲೇತ್ ನೋಡಿದ್ದಳು. ಗಿರ್ರನೆ ತಿರುಗುವ ಗಟ್ಟಿ ಉಕ್ಕಿನಿಂದ ಕಿತ್ತಳೆ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಲೋಹ ಏಳುತ್ತಿತ್ತಂತೆ. ಅಷ್ಟೇ, ಹುಡುಗಿಗೆ ಅದರ ಹುಚ್ಚು ಹಿಡಿದುಬಿಟ್ಟಿತು. ಹುಡುಗಿ ಎಂದು ಗುಮಾಸ್ತ ಅವಳ ಹೆಸರನ್ನು ಹೊಲಿಗೆ ವಿಭಾಗಕ್ಕೆ ಹಾಕಿದ್ದ. ಅದನ್ನು ಲೇತ್ ವಿಭಾಗಕ್ಕೆ ಬದಲಾಯಿಸುವವರೆಗೂ ಅವನ ಮೇಜಿನ ಮುಂದಿನಿಂದ ಅವಳು ಅಲ್ಲಾಡಲಿಲ್ಲ.

ನಮ್ಮಲ್ಲಿ ಲೇತ್ ಇರಲಿಲ್ಲವೇ? ಇತ್ತು. ಹೊಚ್ಚಹೊಸದು, ಯಾವುದೋ ದೇಶದವರು ದಾನವಾಗಿ ಕೊಟ್ಟದ್ದು. ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅದು ಉಸ್ತಾದ್ ಗಲಾಲ್ ಅವರ ಉಹ್ದಾ. ಸರ್ಕಾರದ ಸಾಮಾನು ಯಾರ ಸಹಿಯ ಮೇಲೆ ಶಾಲೆಗೆ ಬರುತ್ತದೋ ಅದು ಅವರ ಉಹ್ದಾ, ಅವರ ತಲೆಯ ಮೇಲಿನ ಹೊರೆ. ಕೆಟ್ಟರೆ ಅವರ ಸಂಬಳದಿಂದ ಹಿಡಿಯುತ್ತಾರೆ, ಸಂಬಳ ಮುಗಿದರೆ ಪಿಂಚಣಿಯಿಂದ. ಹೀಗಾಗಿ ನಮ್ಮ ದೇಶದಲ್ಲಿ ಒಳ್ಳೆಯ ಯಂತ್ರ ಅಂದರೆ ಯಾರೂ ಮುಟ್ಟದ ಯಂತ್ರ. ಪ್ರಯೋಗಾಲಯದ ಸೂಕ್ಷ್ಮದರ್ಶಕ ಕಪಾಟಿನಲ್ಲಿ, ಕಂಪ್ಯೂಟರು ಬೀಗದಲ್ಲಿ, ಲೇತ್ ಪ್ಲಾಸ್ಟಿಕ್ಕಿನಲ್ಲಿ. ಯಾವುದೂ ಕೆಡುವುದಿಲ್ಲ, ಮಕ್ಕಳು ಮಾತ್ರ ಕೆಡುತ್ತಾರೆ.

ಗಲಾಲ್ ಕೆಟ್ಟ ಮನುಷ್ಯರಲ್ಲ. ಸೋಮಾರಿಯೂ ಅಲ್ಲ, ಅದೇ ಇನ್ನೂ ಸಂಕಟದ ಮಾತು. ದಿನವೂ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಹೊದಿಕೆಯ ಮೇಲಿಂದಲೇ ಲೇತಿನ ಹಿಡಿಗಳನ್ನು ಮುಟ್ಟಲು ಬಿಡುತ್ತಿದ್ದರು. ಗೋಡೆಯ ಸ್ವಿಚ್ಚಿನ ಪೆಟ್ಟಿಗೆಗೆ ದಪ್ಪ ಬೀಗ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದರು. "ಗಟ್ಟು ಹಾಕು! ಬಿಗಿ ಮಾಡು! ಕೀಲಿ ತೆಗಿ! ಉಳಿ ಕೂರಿಸು! ಹತ್ರ ತಾ! ಒಳಗೆ ಕೊಡು! ಮುಂದೆ ತಳ್ಳು!" ಗಟ್ಟು ಅಂದರೆ ಕಡೆಯಬೇಕಾದ ಉಕ್ಕಿನ ತುಂಡು, ಕೀಲಿ ಅದನ್ನು ಬಿಗಿಯುವ ಹಿಡಿ, ಉಳಿ ಅದನ್ನು ಕೆರೆಯುವ ಉಪಕರಣ. ಒಬ್ಬೊಬ್ಬರೇ ಮುಂದೆ ಬಂದು ಆ ಮಾತಿಗೆ ಸರಿಯಾಗಿ ಕೈ ಆಡಿಸಬೇಕು. ಯಂತ್ರ ತೆಪ್ಪಗೆ ನಿಂತಿರುತ್ತಿತ್ತು. ಮೂರು ವರ್ಷ ಇದೇ ಪಾಠ. ರಾವ್ಯಾ ಕಣ್ಣು ಮುಚ್ಚಿಕೊಂಡೇ ಮಾಡುವಷ್ಟು ಪಳಗಿದ್ದಳು.

"ಉಸ್ತಾದ್, ಒಂದೇ ಒಂದ್ಸಲ ಓಡ್ಸಿ. ನಾನು ಮುಟ್ಟೋದಿಲ್ಲ, ದೂರ ನಿಂತು ನೋಡ್ತೀನಿ" ಎಂದು ಅವಳು ಕೇಳದ ವಾರವಿಲ್ಲ.

"ಮಗಳೇ, ಏನಾದ್ರೂ ಕಿತ್ತು ಹೋದ್ರೆ? ನನಗೂ ಮೂರು ಹೆಣ್ಮಕ್ಳಿದ್ದಾರಮ್ಮ. ಅವರ ಮದ್ವೆ ನಿಮ್ಮಪ್ಪ ಮಾಡ್ತಾನಾ?"

ನಾನೂ ಜಗಳವಾಡಿದೆ. "ರೀ ಗಲಾಲ್, ಇದೇನು ಮ್ಯೂಸಿಯಮ್ಮಾ? ಟಿಕೆಟ್ ಇಟ್ಬಿಡಿ, ಜನ ಬಂದು ನೋಡ್ಕೊಂಡು ಹೋಗ್ಲಿ" ಎಂದೆ. ಅವರು ಬಟ್ಟೆ ತೆಗೆದುಕೊಂಡು ಹೊದಿಕೆಯ ಮೇಲಿನ ಧೂಳು ಒರೆಸತೊಡಗಿದರು.

ಹೊರಗೆಲ್ಲಾದರೂ ಕಲಿಯೋಣವೆಂದು ರಾವ್ಯಾ ಗಿರಣಿಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ವರ್ಕ್‌ಶಾಪಿಗೆ ರಜೆಯಲ್ಲಿ ಹೋದಳು. ಮಾಲೀಕ ಅವಳನ್ನು ಲೇತ್ ಕಾಣದ ಹಿಂದಿನ ಕೋಣೆಯಲ್ಲಿ ಚಹಾ ಮಾಡಲು ಹಚ್ಚಿದ. ಲೇತ್ ಕಡೆಗೆ ಹೆಜ್ಜೆ ಹಾಕಿದರೆ, "ನೀನು ಅಲ್ಲಿ ನಿಂತ್ರೆ ಬೀದಿ ಗಂಡಸ್ರೆಲ್ಲ ಇಲ್ಲೇ ಬಂದು ನಿಂತ್ಕೋತಾರೆ ಕಣಮ್ಮ. ಸಕ್ಕರೆ ಜಾಸ್ತಿ ಹಾಕು, ಅದೇ ನಿನ್ನ ಕೆಲ್ಸ" ಎಂದನಂತೆ. ರಜೆ ಮುಗಿಯುವುದರೊಳಗೆ ಬಿಟ್ಟು ಬಂದಳು.

ಪಂಪು ಕಾರ್ಖಾನೆಯವರು ನಮ್ಮ ಶಾಲೆಯಿಂದ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ. ಕೊನೆಯ ವರ್ಷದ ಮಕ್ಕಳಲ್ಲಿ ರಾವ್ಯಾಳನ್ನೂ ಮಿದ್‌ಹತ್ ಎಂಬ ಹುಡುಗನನ್ನೂ ಆರಿಸಿ ಕಳಿಸಿದೆವು. ಹುಡುಗಿ ಜೊತೆಗೆ ಹೆಂಗಸೊಬ್ಬಳು ಇರಲೆಂದು ನಾನು ಹೋದೆ. ಫೋರ್ಮನ್ ಫರ್ಗಲಿ ದೊಡ್ಡ ದನಿಯ ಮನುಷ್ಯ. ಒಂದು ಉಕ್ಕಿನ ಗಟ್ಟು, ಒಂದು ನಕ್ಷೆ ಕೈಗಿಟ್ಟ.

"ಇಷ್ಟು ಕಡೆದು ಕೊಡು. ಕೆಲಸ ನಿಂದು."

ನಕ್ಷೆಯನ್ನು ಅವಳು ಒಮ್ಮೆ ನೋಡಿ ಮಡಿಸಿಟ್ಟಳು. ತಲೆವಸ್ತ್ರದ ತುದಿಯನ್ನು ಕತ್ತಿನೊಳಗೆ ಸಿಕ್ಕಿಸಿಕೊಂಡು ಕನ್ನಡಕ ಹಾಕಿಕೊಂಡಳು. ಗಟ್ಟು ಹಾಕಿದಳು, ಬಿಗಿ ಮಾಡಿದಳು, ಕೀಲಿ ತೆಗೆದಳು. ಉಳಿಯನ್ನು ಸರಿಯಾದ ಎತ್ತರಕ್ಕೆ ಕೂರಿಸಿದಳು. ಫರ್ಗಲಿಯ ಹುಬ್ಬು ಮೇಲೇರಿತು. ಇಷ್ಟು ಶಿಸ್ತಿನ ಕೈ ಅವನು ನಿರೀಕ್ಷಿಸಿರಲಿಲ್ಲ. ನನ್ನ ಎದೆ ಉಬ್ಬಿತ್ತು. ಅವಳು ಉಳಿಯನ್ನು ಹತ್ತಿರ ತಂದಳು, ಒಳಗೆ ಕೊಟ್ಟಳು, ಕೈಚಕ್ರ ತಿರುಗಿಸಿ ಮುಂದೆ ತಳ್ಳಿದಳು.

ಉಳಿ ಮುಂದೆ ಹೋಗಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದಳು. ಆಗಲಿಲ್ಲ. ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಹಾಕಿದಳು. ಟಕ್ ಎಂದು ಉಳಿಯ ಮೊನೆ ಮುರಿದು ಬಿತ್ತು.

ಲೇತ್ ಓಡುತ್ತಿರಲಿಲ್ಲ. ಅವಳು ಅದನ್ನು ಚಾಲೂ ಮಾಡಿಯೇ ಇರಲಿಲ್ಲ.

ಸುತ್ತ ನಿಂತ ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾಯೀ, ಹಸಿರು ಗುಂಡಿ ಇದೆಯಲ್ಲ, ಅದು ಚಂದಕ್ಕೆ ಇಟ್ಟಿರೋದಲ್ಲ!" ಎಂದ ಒಬ್ಬ. "ಇವಳು ಒಲೆ ಹಚ್ದೇನೇ ಅಡುಗೆ ಮಾಡ್ತಾಳೇನೋ!" ಎಂದ ಇನ್ನೊಬ್ಬ. ರಾವ್ಯಾ ಕನ್ನಡಕ ತೆಗೆಯದೆ ಹಾಗೇ ನಿಂತಿದ್ದಳು. ನನಗೆ ಅವರನ್ನೆಲ್ಲ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮೂರು ವರ್ಷ ಯಾರೂ ಅವಳ ಮುಂದೆ ಆ ಗುಂಡಿ ಒತ್ತಿರಲಿಲ್ಲ. ಹೇಗೆ ನೆನಪಾಗಬೇಕು? ಸೋದರಮಾವನ ವರ್ಕ್‌ಶಾಪಿನಲ್ಲಿ ಬೆಳೆದಿದ್ದ ಮಿದ್‌ಹತ್ ಬಂದವನೇ ಗುಂಡಿ ಒತ್ತಿದ, ಅಂಕುಡೊಂಕಾಗಿ ಏನೋ ಕಡೆದ, ಆಯ್ಕೆಯಾದ.

ಹೊರಡುವಾಗ ಫರ್ಗಲಿ ನನ್ನನ್ನು ಪಕ್ಕಕ್ಕೆ ಕರೆದ. "ಹುಡುಗಿ ಕೈ ಚೆನ್ನಾಗಿದೆ, ಅಬ್ಲಾ. ಇನ್ನೊಂದು ಜಾಗ ಇದೆ, ಒಂದು ತಿಂಗಳು ಖಾಲಿ ಇಟ್ಟಿರ್ತೀನಿ. ಓಡೋ ಮೆಷಿನ್ ಮೇಲೆ ಪಳಗಿಸಿ ಕರ್ಕೊಂಡು ಬನ್ನಿ."

ಮರುದಿನ ನಾನು ಅವಳನ್ನು ಕರೆದುಕೊಂಡು ಸೀದಾ ಗಲಾಲ್ ಅವರ ಕೋಣೆಗೆ ನುಗ್ಗಿದೆ. ನಡೆದದ್ದನ್ನು ಹೇಳಿದೆ, ಹೇಳಿದೆ ಅನ್ನುವುದಕ್ಕಿಂತ ಕಿರುಚಿದೆ. ಅವರು ಬೆರಳು ಮಡಿಸುತ್ತಾ ತಮ್ಮ ಕವಾಯತನ್ನು ಬಾಯಲ್ಲೇ ಹೇಳಿಕೊಂಡರು. ಗಟ್ಟು, ಬಿಗಿ, ಕೀಲಿ, ಉಳಿ... ಕೊನೆಯವರೆಗೆ ಹೋಗಿ ಮತ್ತೆ ಮೊದಲಿಂದ ಎಣಿಸಿದರು.

"ನಾನು ಅದನ್ನ ಹೇಳಿಕೊಟ್ಟೇ ಇಲ್ವಾ?"

"ಇಲ್ಲ ಉಸ್ತಾದ್" ಎಂದಳು ರಾವ್ಯಾ.

ಅವರು ಎದ್ದರು. ನಾನು ನಂಬಲಿಲ್ಲ, ಆದರೆ ಅವರು ತಾವೇ ಪ್ಲಾಸ್ಟಿಕ್ಕನ್ನು ಹರಿದು ಕೆಳಗೆ ಹಾಕಿದರು. "ಹಾಳಾಗ್ಲಿ ಪಿಂಚಣಿ. ಈ ತಿಂಗಳೆಲ್ಲ ನೀನೇ ಓಡ್ಸು" ಎಂದರು. ಕೀಲಿಗೊಂಚಲಿನಿಂದ ಸಣ್ಣ ಕೀಲಿ ತೆಗೆದು ಗೋಡೆಯ ಪೆಟ್ಟಿಗೆಯ ಬೀಗ ತೆಗೆದರು. ಬಾಗಿಲು ಎಳೆದರು.

ಒಳಗೆ ಏನೂ ಇರಲಿಲ್ಲ. ಸ್ವಿಚ್ಚಿಲ್ಲ, ತಂತಿಯಿಲ್ಲ. ಗೋಡೆಯ ಇಟ್ಟಿಗೆ ಕಾಣುತ್ತಿತ್ತು. ಕಂಟ್ರಾಕ್ಟರು ಖಾಲಿ ಪೆಟ್ಟಿಗೆ ಹೊಡೆದು ಹೋಗಿದ್ದ; ಎಲ್ಲ ಸರಿಯಿದೆ ಎಂದು ಕಮಿಟಿಯವರು ಒಪ್ಪಿದ್ದರು; ಗಲಾಲ್ ಅದಕ್ಕೆ ಬೀಗ ಜಡಿದು ಇಷ್ಟು ವರ್ಷ ಕಾವಲು ಕಾದಿದ್ದರು. ಲೇತಿಗೆ ಕರೆಂಟು ಬರಬೇಕೆಂದರೆ ಜಿಲ್ಲಾ ಕಚೇರಿಗೆ ಬರೆಯಬೇಕು, ಅವರು ಬರಬೇಕು, ನೋಡಬೇಕು. ಒಂದು ತಿಂಗಳಲ್ಲಿ ಅಲ್ಲಿಂದ ಚಹಾ ಕುಡಿದ ಲೋಟವೂ ಅಲುಗುವುದಿಲ್ಲ. ಆ ಕೆಲಸ ಕೈತಪ್ಪಿತೆಂದು ಮೂವರಿಗೂ ಅಲ್ಲೇ ಗೊತ್ತಾಯಿತು.

ನನಗೆ ತಡೆಯಲಾಗಲಿಲ್ಲ. "ಒಂದ್ಸಲಾನಾದ್ರೂ ತೆಗೆದು ನೋಡ್ಬಾರ್ದಿತ್ತೇನ್ರೀ? ನೀವು ಓಡಿಸಿ ನೋಡ್ದೇನೇ ಸಹಿ ಹಾಕಿದ್ರಾ?"

ಗಲಾಲ್ ಹರಿದ ಪ್ಲಾಸ್ಟಿಕ್ಕಿನ ಮೇಲೆ ಕುಳಿತುಬಿಟ್ಟರು.

"ಓಡಿಸೋದಾ? ನಾನಾ?" ಎಂದರು. "ಅಬ್ಲಾ, ನಾನೂ ಇದೇ ಸ್ಕೂಲಲ್ಲೇ ಓದಿದ್ದು. ಆಗ ಬೇರೆ ಲೇತ್ ಇತ್ತು, ಅದು ನಮ್ಮ ಉಸ್ತಾದರ ಉಹ್ದಾ, ಟಾರ್ಪಾಲ್ ಹೊದಿಸಿ ಇಟ್ಟಿದ್ರು. ಅವರು ಹೇಳ್ಕೊಟ್ಟಿದ್ದನ್ನೇ ಒಂದಕ್ಷರ ಬಿಡದೆ ನಾನು ಹೇಳ್ಕೊಟ್ಟೆ. ಲೇತ್ ಓಡೋದನ್ನ ನಾನು ಕಣ್ಣಾರೆ ನೋಡೇ ಇಲ್ಲ."

ರಾವ್ಯಾ ಅವರ ಪಕ್ಕ ನೆಲದ ಮೇಲೆ ಕುಳಿತಳು.

"ನಾನು ನೋಡಿದೀನಿ ಉಸ್ತಾದ್" ಎಂದಳು. "ನಮ್ಮಪ್ಪನ ಗಿರಣೀಲಿ, ಬಾಗಿಲ ಸಂದೀಲಿ. ತುಂಬ ಚೆನ್ನಾಗಿರುತ್ತೆ."