ಎರಡು ನಿಲ್ದಾಣಗಳ ನಡುವೆ ನಾವು ಮೂವರು

ನನ್ನ ಗಂಡನಿಗೆ ಹುಡುಗನಾಗಿದ್ದಾಗಿನಿಂದ ಒಂದು ಗಗನಯಾನದ ಹುಚ್ಚು. 1986ರಲ್ಲಿ ಸೋವಿಯತ್ ಒಕ್ಕೂಟದ ಇಬ್ಬರು ಗಗನಯಾತ್ರಿಗಳು ಒಂದೇ ಪ್ರಯಾಣದಲ್ಲಿ ಎರಡು ಬಾಹ್ಯಾಕಾಶ ನಿಲ್ದಾಣಗಳಿಗೆ ಹೋಗಿಬಂದಿದ್ದರು. ಮೊದಲು ಹೊಸ ನಿಲ್ದಾಣಕ್ಕೆ ಹೋಗಿ ಅದನ್ನು ಚಾಲೂ ಮಾಡಿದರು. ಆಮೇಲೆ ಅದೇ ನೌಕೆಯಲ್ಲಿ, ಖಾಲಿ ಬಿದ್ದಿದ್ದ ಹಳೆಯ ನಿಲ್ದಾಣಕ್ಕೆ ಹೋಗಿ ಬಾಕಿ ಕೆಲಸ ಮುಗಿಸಿ, ಬೇಕಾದ ಉಪಕರಣಗಳನ್ನು ಹೇರಿಕೊಂಡು ಹೊಸದಕ್ಕೆ ಮರಳಿದರು. ಅದಕ್ಕೂ ಮೊದಲು ಯಾರೂ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋದವರಿರಲಿಲ್ಲ. ಮೈಸೂರಿನ ಹೈಸ್ಕೂಲು ದಿನಗಳಲ್ಲಿ ಪೇಪರಿನಲ್ಲಿ ಓದಿದ ಆ ಸುದ್ದಿಯನ್ನು ನನ್ನ ಗಂಡ ‘ಆಕಾಶದಲ್ಲಿ ಮನೆ ಬದಲಾಯಿಸಿದ ಕಥೆ’ ಎಂದು ಕರೆಯುತ್ತಿದ್ದರು. ಮಗಳು ಊಟಕ್ಕೆ ಹಟ ಮಾಡಿದಾಗೆಲ್ಲ ಅದೇ ಕಥೆ.

ಆ ಕಥೆ ನಮ್ಮ ಮೈಮೇಲೆ ಬಂದದ್ದು ಅಮೆರಿಕದಲ್ಲಿ, ಕೆಲಸಗಳು ಹೋಗುತ್ತಿದ್ದ ರಿಸೆಷನ್ ವರ್ಷಗಳಲ್ಲಿ. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಆ ಚಳಿಗಾಲ ವಾರದ ಮಧ್ಯದ ಹಗಲಲ್ಲೂ ಗಂಡಸರು ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದರು. ಎಲ್ಲರೂ ಕಾರು ಕಂಪನಿಗಳ ಎಂಜಿನಿಯರುಗಳೇ. ನಮ್ಮವರ ಕೆಲಸವೂ ಹೋಗಿ, ಕೊನೆಗೆ ಹೊಸದು, ಐದು ಗಂಟೆ ದಾರಿಯ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಸಿಕ್ಕಿತು. ಮೊದಲು ಒಬ್ಬರೇ ಹೋಗಿ, ಗೆಳೆಯರ ಮನೆಯಲ್ಲಿದ್ದುಕೊಂಡು, ಅಲ್ಲಿಗೆ ಹತ್ತಿರದ ಸ್ಕೋಕಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಹಿಡಿದು, ನಮ್ಮನ್ನೂ ಸಾಮಾನನ್ನೂ ಒಯ್ಯಲು ವಾಪಸ್ ಬಂದರು. ಏಳು ವರ್ಷದ ಮಗಳಿಗೆ ಸ್ನೇಹಿತೆಯರನ್ನು ಬಿಟ್ಟು ಬರಲು ಇಷ್ಟವಿರಲಿಲ್ಲ. ‘ನಾವೂ ಹೊಸ ಸ್ಟೇಷನ್‌ಗೆ ಹೋಗ್ತಿದೀವಿ, ನೀನೇ ಕಮಾಂಡರ್’ ಎಂದು ಒಪ್ಪಿಸಿದ್ದು ಇವರೇ. ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಿಂದ ಹೆದ್ದಾರಿಯ ಎಕ್ಸಿಟ್‌ಗಳನ್ನು ಭೂಮಿಯ ಕಂಟ್ರೋಲ್ ರೂಮಿಗೆ ವರದಿ ಮಾಡುತ್ತಾ ಬಂದಳು.

ರಾತ್ರಿ ಮೋಟೆಲಿನಲ್ಲಿ ಉಳಿದೆವು. ಹಾಲುಕ್ಕಿಸದೆ ಹೊಸ ಮನೆಯಲ್ಲಿ ಮಲಗಬಾರದು. ಮೈಸೂರಿನಿಂದ ಅಮ್ಮ ಫೋನಿನಲ್ಲೇ ಶನಿವಾರ ಬೆಳಗಿನ ಮುಹೂರ್ತ ನೋಡಿ ಹೇಳಿದ್ದಳು. ಆದರೆ ಒಲೆಗೆ ಗ್ಯಾಸ್ ಬರುವುದು ಸೋಮವಾರ. ಮೈಕ್ರೋವೇವ್‌ನಲ್ಲಿ ಉಕ್ಕಿಸಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ನಾವಿಬ್ಬರೂ ನಗುತ್ತಲೇ ಚರ್ಚಿಸಿ, ಬೆಂಕಿಯೇ ಆಗಬೇಕೆಂದು ತೀರ್ಮಾನಿಸಿದೆವು. ಹಳೇ ಮನೆಯ ಹಿತ್ತಿಲ ಡೆಕ್ ಮೇಲೆ ಜೋಳ ಸುಡುತ್ತಿದ್ದ ಪುಟ್ಟ ಇದ್ದಿಲ ಗ್ರಿಲ್ ಕಾರಿನಲ್ಲಿತ್ತು.

ಬೆಳಿಗ್ಗೆ ಫ್ಲ್ಯಾಟ್ ಬಾಗಿಲಲ್ಲಿ ಕಮಾಂಡರ್ ನಮ್ಮನ್ನು ತಡೆದಳು. ನೌಕೆಯಿಂದ ಒಳಗೆ ಹೋಗುವ ಮೊದಲು ಗಾಳಿ ಪರೀಕ್ಷಿಸಬೇಕು ಎಂದು ಇವರೇ ಕಲಿಸಿದ್ದರು. ಇವರು ಮೂಗು ಮುಂದೆ ಮಾಡಿ ಜೋರಾಗಿ ಮೂಸಿ, ಹಳೇ ಪೇಂಟ್ ವಾಸನೆ, ಅಪಾಯವಿಲ್ಲ ಎಂದು ವರದಿ ಕೊಟ್ಟರು. ನಾನು ಬಲಗಾಲಿಟ್ಟು ಒಳಗೆ ಹೋದೆ.

ಅಡುಗೆಮನೆಯಲ್ಲಿ ಇದ್ದಿಲು ಹೊತ್ತಿಸುವ ಮೊದಲು ಇವರು ಕುರ್ಚಿ ಹತ್ತಿ, ಹೊಗೆ ಬಂದರೆ ಕೂಗುವ ಗೋಡೆಯ ಅಲಾರ್ಮ್‌ನ ಬ್ಯಾಟರಿ ತೆಗೆದರು. ನಮ್ಮವರೆಲ್ಲ ಮಾಡುವುದೇ ಹಾಗೆ. ಹೋಮವಿದ್ದರೆ, ಒಗ್ಗರಣೆ ಜೋರಾದರೆ, ಮೊದಲು ಅದರ ಬಾಯಿ ಮುಚ್ಚುವುದು.

ಮಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. “ಅಪ್ಪಾ, ಸ್ಪೇಸ್ ಸ್ಟೇಷನ್‌ನಲ್ಲಿ ನೋ ಫೈರ್.”

“ಇದು ಮೈಸೂರಿನವರ ಸ್ಟೇಷನ್ ಕಣಮ್ಮ. ಹಾಲು ಉಕ್ಕದೆ ಇಲ್ಲಿ ಯಾವ ಕಮಾಂಡರ್‌ಗೂ ಬೆಡ್ ಇಲ್ಲ.”

ಹಾಲು ಚೆನ್ನಾಗಿಯೇ ಉಕ್ಕಿತು. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐದು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಕಿಟಕಿಗಳೆಲ್ಲ ಮುಚ್ಚಿದ್ದವು, ಕಟ್ಟಡದ ಹೀಟರ್ ಇನ್ನೂ ಹದಕ್ಕೆ ಬಂದಿರಲಿಲ್ಲ. ಕೆಂಡ ಹೊಗೆಯಿಲ್ಲದೆ ಕೆಂಪಗೆ ಕೂತಿತ್ತು. ಮನೆ ಬೆಚ್ಚಗಾಗಲಿ ಎಂದು ಹಾಗೇ ಬಿಟ್ಟೆವು. ಮಗಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಸ್ಲೀಪಿಂಗ್ ಬ್ಯಾಗ್ ಹಾಸಿ, ಅದು ತನ್ನ ಕ್ಯಾಬಿನ್ ಎಂದಳು. ಸ್ವಲ್ಪ ಹೊತ್ತಿಗೆ ತಲೆನೋವು ಎಂದಳು. ಕಾರಿನಲ್ಲಿ ಕೂತು ಕೂತು ಬಂದಿರುತ್ತದೆ, ಮಲಗು ಪುಟ್ಟಿ ಎಂದೆ.

ನಾವಿಬ್ಬರೂ ಸಾಮಾನಿಗಾಗಿ ಮೆಟ್ಟಿಲು ಇಳಿದು ಹತ್ತುತ್ತಿದ್ದೆವು. ಇವತ್ತಿಗೂ ಮನಸ್ಸು ಹೋಗಿ ನಿಲ್ಲುವುದು ಆ ಮೆಟ್ಟಿಲುಗಳ ಮೇಲೆ. ಪ್ರತಿ ಸಲ ಕೆಳಗಿಳಿದಾಗ ನಾವು ಹೊರಗಿನ ಗಾಳಿ ಕುಡಿಯುತ್ತಿದ್ದೆವು, ಚಳಿ ಎಂದು ಬೈದುಕೊಳ್ಳುತ್ತಿದ್ದೆವು. ಅವಳು ಮೇಲೆ ಮುಚ್ಚಿದ ಕೋಣೆಯಲ್ಲಿ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದಳು. ಉರಿಯುವ ಇದ್ದಿಲಿನಿಂದ ಯಾವ ವಿಷಾನಿಲ ಬರುತ್ತದೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಲೋಟದಲ್ಲಿ ಸಕ್ಕರೆ ಹಾಲು ತೆಗೆದುಕೊಂಡು ಎಬ್ಬಿಸಲು ಹೋದೆ. ಹೆಸರು ಹಿಡಿದು ಕರೆದೆ. ಕೆನ್ನೆ ತಟ್ಟಿದೆ. ತಲೆ ಎತ್ತಿದರೆ ನನ್ನ ತೋಳಿನ ಮೇಲೆ ಒಂದು ಪಕ್ಕಕ್ಕೆ ವಾಲಿಬಿಟ್ಟಿತು.

ಬ್ಯಾಗಿನ ಸಮೇತ ಅವಳನ್ನು ಎದೆಗವುಚಿಕೊಂಡು ಬರಿಗಾಲಲ್ಲಿ ಇಳಿದೆ. ಪೆಟ್ಟಿಗೆ ಹೊತ್ತು ಹತ್ತಿ ಬರುತ್ತಿದ್ದ ಇವರಿಗೆ ಏನು ಹೇಳಿದೆನೋ ನೆನಪಿಲ್ಲ. ಹಿಮದ ಮೇಲೆ ಕೂತು ಅವಳ ಮೂಗಿನ ಬಳಿ ಕೆನ್ನೆಯಿಟ್ಟೆ. ಉಸಿರಿತ್ತು, ತೆಳ್ಳಗೆ. ತುರ್ತು ಸೇವೆಗೆ ಫೋನ್ ಮಾಡಿದ ಇವರು ನಮ್ಮ ಹೊಸ ವಿಳಾಸ ನೆನಪಾಗದೆ, ಕಟ್ಟಡದ ನಂಬರ್ ನೋಡಲು ರಸ್ತೆಯ ಕಡೆ ಓಡುತ್ತಿದ್ದರು.

ಅಗ್ನಿಶಾಮಕದವರು ಮಾಸ್ಕ್ ಹಾಕಿಕೊಂಡು ಮೀಟರ್ ಹಿಡಿದು ಮೇಲೆ ಹೋದರು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಇಳಿದು ಬಂದವರಲ್ಲಿ ಒಬ್ಬ ಖಾಲಿ ಅಲಾರ್ಮನ್ನು ಇವರ ಅಂಗೈಯಲ್ಲಿಟ್ಟ. ಬೈಯಲಿಲ್ಲ. ಅದು ಹೊಗೆಗೆ ಮಾತ್ರವಲ್ಲ, ಆ ಅನಿಲಕ್ಕೂ ಕೂಗುತ್ತದೆ ಎಂದಷ್ಟೇ ಹೇಳಿ, ಇವರ ಭುಜದ ಮೇಲೆ ತುಸು ಹೊತ್ತು ಕೈಯಿಟ್ಟು ಹೋದ.

ಆಸ್ಪತ್ರೆಯಲ್ಲಿ ಅವಳ ಪುಟ್ಟ ಮುಖಕ್ಕೆ ದೊಡ್ಡದಾದ ಆಮ್ಲಜನಕದ ಮಾಸ್ಕ್. ಇವರು ಗೋಡೆಗೆ ಒರಗಿ ನಿಂತೇ ಇದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಧ್ಯಾಹ್ನ ಅವಳು ಕಣ್ಣು ಬಿಟ್ಟು, ಮಾಸ್ಕನ್ನು ಮುಟ್ಟಿ ನೋಡಿಕೊಂಡು, ನಮ್ಮಿಬ್ಬರನ್ನೂ ನೋಡಿದಳು.

“ಆರ್ ವಿ ದೇರ್?”

“ಬಂದ್ವಿ ಮಗಳೇ,” ಎಂದರು ಇವರು. ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ನಾನು ಎದ್ದು ಹೋಗಿ ಅವರ ಬೆನ್ನಿಗೆ ತಲೆಯಿಟ್ಟೆ.

ಡಾಕ್ಟರು ಹೇಳಿದಂತೆ ಅವಳಿಗೆ ಅದರ ತೊಂದರೆ ಏನೂ ಉಳಿಯಲಿಲ್ಲ. ಉಳಿದಿರುವುದು ನನಗೆ. ಈಗ ಅವಳು ದೊಡ್ಡವಳು, ಬೇರೆ ಊರಿನಲ್ಲಿ ಕೆಲಸ. ರಜೆಗೆ ಬಂದರೆ ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ. ನಾನು ಸದ್ದಿಲ್ಲದೆ ಬಾಗಿಲು ಸರಿಸಿ, ಹೊದಿಕೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ನಿಲ್ಲುತ್ತೇನೆ. ಅವಳಿಗೆ ಹೇಗೋ ಗೊತ್ತಾಗುತ್ತದೆ.

“ಐ ಆ್ಯಮ್ ಬ್ರೀದಿಂಗ್, ಅಮ್ಮ,” ಎನ್ನುತ್ತಾಳೆ ಕಣ್ಣು ಬಿಡದೆ. “ಕಾಫಿ ಕುಡಿ, ಹೋಗು.”

ಹೋಗುತ್ತೇನೆ, ಹೊದಿಕೆ ಇನ್ನೊಂದು ಸಲ ಏರಿ ಇಳಿದ ಮೇಲೆ.