ಹೆಬ್ಬೆರಳಿನ ಗುಟ್ಟು

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡು ಮಲಗಿದ್ದ ನನ್ನ ಗಂಡ, ಭದ್ರಾವತಿಯಿಂದ ನೋಡಲು ಬಂದ ಹಳೆಯ ಗೆಳೆಯರೊಬ್ಬರ ಕೈ ಹಿಡಿದು, ಅವರ ಉಂಗುರಬೆರಳಿನ ಬುಡವನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿದರು. ಕಾಯಿಲೆ ಬಿದ್ದಮೇಲೆ ಅವರು ತಾವಾಗಿಯೇ ಯಾರಿಗಾದರೂ ಏನನ್ನಾದರೂ ಹೇಳಿದ್ದು ಅದೇ ಮೊದಲು. ಗಂಡಸರಿಗೆ ಮಾತ್ರ ಪ್ರವೇಶವಿರುವ ಒಂದು ಸಂಘದವರು ಅವರಿಬ್ಬರೂ. ಅಲ್ಲಿನ ಸದಸ್ಯರು ಒಬ್ಬರನ್ನೊಬ್ಬರು ಗುರುತಿಸುವುದು ಈ ಒತ್ತಿನಿಂದಲೇ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮದುವೆಮನೆಗಳಲ್ಲಿ ಇವರು ಸಂಘದವರ ಕೈ ಕುಲುಕುವಾಗ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತಿದ್ದೆ.

ಗೆಳೆಯರು ಮರಳಿ ಒತ್ತಲಿಲ್ಲ. ನನ್ನ ಕಡೆ ನೋಡಿ ಮೆಲ್ಲಗೆ ಕೈ ಬಿಡಿಸಿಕೊಂಡರು.

“ನೀವು ಸ್ವಲ್ಪ ಆಚೆ ಹೋಗಿ ಮೇಡಂ. ಹೆಂಗಸರ ಮುಂದೆ ಇದನ್ನೆಲ್ಲ ಮಾಡಂಗಿಲ್ಲ,” ಎಂದರು.

ಗಂಡನ ಕೈ ಉತ್ತರಕ್ಕಾಗಿ ಹಾಗೇ ಚಾಚಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು.

“ನಾನು ಎಲ್ಲಿಗೂ ಹೋಗಲ್ಲ. ದಿನಾ ಇವರ ಮೈ ಒರೆಸಿ ಅನ್ನ ತಿನ್ನಿಸೋಳು ನಾನು. ನೀವು ಉತ್ತರ ಕೊಡದಿದ್ರೆ ನಾನೇ ಕೊಡ್ತೀನಿ, ನೋಡ್ತಾ ಇರಿ!”

ಅವರೆದುರೇ ಆ ಕೈ ಹಿಡಿದು, ಅದೇ ಜಾಗದಲ್ಲಿ ಒತ್ತಿದೆ. ನನ್ನವರು ಬೆರಗಾಗಿ ನನ್ನನ್ನೇ ನೋಡಿದರು. ಆಮೇಲೆ ಅರ್ಧ ಮುಖದಲ್ಲೇ ನಕ್ಕರು. ಗೆಳೆಯರು ಕಾಫಿಯನ್ನೂ ಮುಟ್ಟದೆ ಹೊರಟರು, ನಾನು ತಡೆಯಲಿಲ್ಲ.

ಈಗ ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ, ನೀರು ಬೇಕಾದರೂ ಬೇಸರವಾದರೂ ಅವರು ಹುಡುಕುವುದು ನನ್ನ ಕೈಯನ್ನೇ. ಸಂಘದ ಗುಟ್ಟು ಹೆಂಗಸಿನ ಪಾಲಾಯಿತೆಂದು ಭದ್ರಾವತಿಯಲ್ಲಿ ಗೊಣಗುತ್ತಿದ್ದಾರಂತೆ. ಗೊಣಗಲಿ. ನಾನು ಮಗಳಿಗೂ ಅದನ್ನು ಕಲಿಸಿದ್ದೇನೆ.